ಹಾಡಿನ ಪಂದ್ಯದಲ್ಲಿ ತೀರ್ಪಿನ ಪ್ರಶ್ನೆ: ಹರದೇಶಿ-ನಾಗೇಶಿ ವಾದವೂ ಯೂರೋವಿಷನ್ ಸ್ಪರ್ಧೆಯೂ

ಹಾಡನ್ನು ತೂಗುವ ತಕ್ಕಡಿಯೊಂದುಂಟೇ ಎಂಬುದು ಹಳೆಯ ಪ್ರಶ್ನೆ. ನಮ್ಮ ಕಾವ್ಯಮೀಮಾಂಸಕರು ಸಹೃದಯನ ಅನುಭವವನ್ನೇ ಪ್ರಮಾಣವೆಂದು ಒಪ್ಪಿದರು. ಆದರೆ ನೂರು ಮಂದಿ ಸಹೃದಯರು ಒಂದೆಡೆ ಕುಳಿತು ನೂರು ಬಗೆಯಾಗಿ ನುಡಿದರೆ ಯಾರ ಮಾತು ನಿಲ್ಲಬೇಕೆಂಬ ಪ್ರಶ್ನೆಯನ್ನು ಅವರು ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳಬೇಕಾದ ಅಗತ್ಯವೂ ಅವರಿಗಿರಲಿಲ್ಲ. ಹಾಡು ಪಂದ್ಯದ ಕಣಕ್ಕಿಳಿದಾಗ ಮಾತ್ರ ಈ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರು ನಿಲ್ಲುತ್ತದೆ. ಬೆಳಗಾವಿ ನಗರದ ಮತ್ತು ಖಾನಾಪುರದ ಕಾಲೇಜುಗಳಲ್ಲಿ ಅಧ್ಯಾಪಕರಾಗಿರುವವರಿಗೆ ಇದು ಬರಿಯ ತಾತ್ತ್ವಿಕ ಚರ್ಚೆಯಲ್ಲ. ಯುವಜನೋತ್ಸವದ ವೇದಿಕೆಯಲ್ಲಿ, ಜಾತ್ರೆಯ ಭಜನಾ ಸ್ಪರ್ಧೆಯಲ್ಲಿ ಅಂಕದ ಹಾಳೆಯನ್ನು ಕೈಯಲ್ಲಿ ಹಿಡಿದು ಕುಳಿತವರಿಗೆ ಇದು ಒಡನೆಯೇ ಉತ್ತರಿಸಬೇಕಾದ ಪ್ರಶ್ನೆ. ಪ್ರಸ್ತುತ ಲೇಖನದಲ್ಲಿ ನಮ್ಮ ಸೀಮೆಯ ಹರದೇಶಿ-ನಾಗೇಶಿ ವಾದವನ್ನೂ ಯುರೋಪಿನ ಯೂರೋವಿಷನ್ ಹಾಡಿನ ಸ್ಪರ್ಧೆಯನ್ನೂ ಎದುರುಬದುರಾಗಿರಿಸಿ, ತೀರ್ಪು ಎಲ್ಲಿ ಗಟ್ಟಿಯಾಗುತ್ತದೆ, ಎಲ್ಲಿ ಸಡಿಲಾಗುತ್ತದೆ ಎಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ.

೧

ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ ಜಿಲ್ಲೆಗಳು ಗೀಗೀ ಪದಗಳ ತವರು. ಡಪ್ಪು, ತುಂತುಣಿ, ತಾಳ ಇವಿಷ್ಟೇ ವಾದ್ಯ. ಮುಂದೆ ನಿಂತು ಪದ ಎತ್ತುವವನೊಬ್ಬ, ಹಿಂದೆ ಪಲ್ಲವಿ ಹಿಡಿಯುವವರಿಬ್ಬರು. ಇಂಥ ಎರಡು ಮೇಳಗಳು ಎದುರುಬದುರಾಗಿ ನಿಂತಾಗ ವಾದದ ಹಾಡು ಹುಟ್ಟುತ್ತದೆ. ಶಿವನು ಹೆಚ್ಚು, ಗಂಡು ಹೆಚ್ಚು ಎಂಬುದು ಹರದೇಶಿಯ ಪಕ್ಷ. ಶಕ್ತಿ ಹೆಚ್ಚು, ಹೆಣ್ಣು ಹೆಚ್ಚು ಎಂಬುದು ನಾಗೇಶಿಯ ಪಕ್ಷ. ಮೊದಲನೆಯದಕ್ಕೆ ತುರಾಯಿ, ಎರಡನೆಯದಕ್ಕೆ ಕಲ್ಗಿ ಗುರುತು. ಸ್ತುತಿಯಿಂದ ಆರಂಭವಾಗಿ, ಸವಾಲು-ಜವಾಬುಗಳಲ್ಲಿ ಇರುಳೆಲ್ಲ ಬೆಳೆದು, ಬೆಳಗಿನಲ್ಲಿ ಮಂಗಳದೊಡನೆ ಮುಗಿಯುವುದು ಇದರ ಕ್ರಮ.

ಈ ಪಂಥ ಕನ್ನಡದ್ದು ಮಾತ್ರವಲ್ಲ. ಮರಾಠಿಯ ಶಾಹಿರರಲ್ಲಿ ಕಲ್ಗಿ-ತುರಾ ಪಂಥಗಳು ಪ್ರಸಿದ್ಧವಾಗಿವೆ; ರಾಜಸ್ಥಾನ, ಮಾಳವಗಳಲ್ಲಿಯೂ ಇದೇ ಹೆಸರಿನ ಪರಂಪರೆಯುಂಟು. ಅಲ್ಲಿಯ ಐತಿಹ್ಯವೊಂದು ನಮ್ಮ ವಿಷಯಕ್ಕೆ ಬಹಳ ಹತ್ತಿರವಾದುದು. ತುಕನಗೀರನೆಂಬ ಶೈವ ಸಂತನೂ ಶಾಹ ಅಲಿಯೆಂಬ ಫಕೀರನೂ ಚಂದೇರಿಯ ಅರಸನ ಎದುರಿನಲ್ಲಿ ವಾದಿಸಿ ಹಾಡಿದಾಗ, ಅರಸನು ಒಬ್ಬನಿಗೆ ತನ್ನ ಮುಡಿಯ ತುರಾಯಿಯನ್ನೂ ಮತ್ತೊಬ್ಬನಿಗೆ ಕಲ್ಗಿಯನ್ನೂ ಇತ್ತನಂತೆ. ಕಥೆ ಇತಿಹಾಸವೋ ಅಲ್ಲವೋ, ಅದರ ಇಂಗಿತ ಸ್ಪಷ್ಟವಾಗಿದೆ. ಪಂದ್ಯದ ಮೂಲದಲ್ಲಿಯೇ ಬಹುಮಾನ ಎರಡಾಗಿ ಹಂಚಿಹೋಗಿದೆ. ತೀರ್ಪುಗಾರನಾದ ಅರಸನು ಯಾರು ಮೇಲೆಂದು ಹೇಳಲೊಲ್ಲದೆ ವಾದವನ್ನು ಮುಂದಿನ ತಲೆಮಾರುಗಳಿಗೆ ಬಿಟ್ಟುಕೊಟ್ಟಿದ್ದಾನೆ.

ಹಾಗಾದರೆ ನಮ್ಮ ಮೇಳಗಳಲ್ಲಿ ಸೋಲುಗೆಲುವಿಲ್ಲವೇ? ಉಂಟು, ಆದರೆ ಅದನ್ನು ನಿರ್ಣಯಿಸುವ ಬಗೆ ಬೇರೆ. ಒಂದು ಮೇಳ ಪುರಾಣದಿಂದಲೋ ತತ್ತ್ವದಿಂದಲೋ ಒಂದು ಸವಾಲನ್ನು ಪದವಾಗಿ ಒಡ್ಡುತ್ತದೆ. ಮತ್ತೊಂದು ಮೇಳ ಅದಕ್ಕೆ ಪದದಲ್ಲಿಯೇ ಜವಾಬು ಕೊಡಬೇಕು. ಜವಾಬು ಬಂದಿತೋ ಇಲ್ಲವೋ ಎಂಬುದು ಕೇಳುತ್ತಿರುವ ಎಲ್ಲರಿಗೂ ತಿಳಿಯುವಂಥದು. ಹೊಲದಿಂದ ನೇರವಾಗಿ ಬಂದು ಕುಳಿತ ರೈತನೂ ಶಾಸ್ತ್ರ ಬಲ್ಲ ಹಿರಿಯನೂ ಒಂದೇ ಅಳತೆಗೋಲನ್ನು ಹಿಡಿದಿರುತ್ತಾರೆ. ತೀರ್ಪುಗಾರರಾರು ಎಂಬ ಪ್ರಶ್ನೆ ಇಲ್ಲಿ ತೀಕ್ಷ್ಣವಾಗದಿರಲು ಕಾರಣ, ತೀರ್ಪಿನ ಗುರಿ ಏನೆಂಬುದು ಮೊದಲೇ ನಿಶ್ಚಿತವಾಗಿರುವುದು.

ಆದರೂ ಈ ಪದ್ಧತಿಯನ್ನು ಆದರ್ಶವೆಂದು ಕೊಂಡಾಡುವುದು ವಿಮರ್ಶೆಯಾಗದು. ಇದರಲ್ಲಿ ಮೂರು ದೋಷಗಳು ಎದ್ದು ಕಾಣುತ್ತವೆ. ಮೊದಲನೆಯದಾಗಿ, ಜಾಣ್ಮೆಗೆ ದೊರೆಯುವ ಮನ್ನಣೆ ಇಂಪಿಗೂ ಭಾವಕ್ಕೂ ದೊರೆಯುವುದಿಲ್ಲ. ಒಳ್ಳೆಯ ಕಂಠ ಒಂದು ಒಗಟಿನ ಮುಂದೆ ಸೋಲಬಹುದು. ಒಡಕು ದನಿ ಗೆಲ್ಲಬಹುದು. ಎರಡನೆಯದಾಗಿ, ಸವಾಲು ಒಮ್ಮೊಮ್ಮೆ ಕೇವಲ ಕೂಟಪ್ರಶ್ನೆಯಾಗಿಬಿಡುತ್ತದೆ. ಅದರ ಉತ್ತರ ಹಾಡಿದವನ ಗುರುಪರಂಪರೆಯಲ್ಲಿ ಮಾತ್ರ ಇದ್ದರೆ, ಎದುರಾಳಿಯ ಮೌನ ಅವನ ಅಜ್ಞಾನಕ್ಕೆ ಸಾಕ್ಷಿಯಾಗಲಾರದು. ಮೂರನೆಯದಾಗಿ, ವಾದದ ಕಾವಿನಲ್ಲಿ ಹೆಣ್ಣನ್ನು ಹಳಿಯುವ ಮಾತು ತತ್ತ್ವದ ಎಲ್ಲೆ ದಾಟಿ ಹೀನವಾದ ಬೈಗುಳಕ್ಕೆ ಇಳಿಯುವುದುಂಟು. ಸಭೆಯ ನಗೆ ಅಂಥ ಪದಕ್ಕೆ ದೊರೆತರೆ ಅದು ರಸಿಕತೆಯ ಗೆಲುವಲ್ಲ.

೨

ಇನ್ನು ಯೂರೋವಿಷನ್ನಿನ ಕಡೆಗೆ ತಿರುಗೋಣ. ೧೯೫೬ರ ಮೇ ೨೪ರಂದು ಸ್ವಿಟ್ಜರ್ಲೆಂಡಿನ ಲುಗಾನೊ ನಗರದಲ್ಲಿ ೭ ರಾಷ್ಟ್ರಗಳು ತಲಾ ಎರಡೆರಡು ಹಾಡುಗಳೊಡನೆ ಸೇರಿದವು. ರಾಷ್ಟ್ರಕ್ಕೆ ಇಬ್ಬರಂತೆ ತೀರ್ಪುಗಾರರು. ಲಕ್ಸೆಂಬರ್ಗಿನ ಪರವಾಗಿ ಆತಿಥೇಯರಾದ ಸ್ವಿಸ್ ತೀರ್ಪುಗಾರರೇ ಮತ ನೀಡಿದರು. ಆತಿಥೇಯ ರಾಷ್ಟ್ರದ ಲಿಸ್ ಆಸಿಯಾ ಗೆದ್ದಳೆಂದು ಸಾರಲಾಯಿತು, ಅಂಕಗಳನ್ನು ಪ್ರಕಟಿಸಲಿಲ್ಲ. ಸ್ಪರ್ಧೆಯ ಮೊದಲ ತೀರ್ಪೇ ಹೀಗೆ ಮುಚ್ಚಿದ ಬಾಗಿಲಿನ ಹಿಂದೆ ಉಳಿಯಿತು. ಮರುವರ್ಷದಿಂದ ಯಾವ ರಾಷ್ಟ್ರವೂ ತನ್ನ ಹಾಡಿಗೆ ತಾನೇ ಮತ ಕೊಡಕೂಡದೆಂಬ ನಿಯಮ ಬಂದಿತು. ಅದು ಇಂದಿಗೂ ಊರ್ಜಿತವಾಗಿದೆ.

ಆ ಬಳಿಕದ ಚರಿತ್ರೆ ನಿಯಮಗಳ ತಿದ್ದುಪಡಿಯ ಚರಿತ್ರೆಯೆಂದರೆ ಅತಿಶಯೋಕ್ತಿಯಾಗದು. ೧೯೬೯ರಲ್ಲಿ ಮ್ಯಾಡ್ರಿಡ್ಡಿನಲ್ಲಿ ಸ್ಪೇನ್, ಬ್ರಿಟನ್, ನೆದರ್ಲೆಂಡ್ಸ್, ಫ್ರಾನ್ಸ್ ನಾಲ್ಕೂ ೧೮ ಮತಗಳನ್ನು ಪಡೆದವು. ಸಮಬಲವನ್ನು ಬಿಡಿಸುವ ನಿಯಮವಿಲ್ಲದ್ದರಿಂದ ನಾಲ್ವರೂ ವಿಜೇತರಾದರು. ಅಸಮಾಧಾನಗೊಂಡ ಸ್ವೀಡನ್, ನಾರ್ವೆ ಮೊದಲಾದ ರಾಷ್ಟ್ರಗಳು ೧೯೭೦ರಲ್ಲಿ ದೂರ ಉಳಿದವು. ಚಂದೇರಿಯ ಅರಸನು ಇಬ್ಬರಿಗೆ ಬಹುಮಾನವಿತ್ತದ್ದು ಐತಿಹ್ಯವಾಗಿ ಬಾಳಿತು; ಮ್ಯಾಡ್ರಿಡ್ಡಿನಲ್ಲಿ ನಾಲ್ವರಿಗೆ ಇತ್ತದ್ದು ಅಪಹಾಸ್ಯಕ್ಕೆ ಗುರಿಯಾಯಿತು. ವ್ಯತ್ಯಾಸ ಬಹುಮಾನದ ಸಂಖ್ಯೆಯಲ್ಲಿಲ್ಲ. ಅರಸನು ಇಬ್ಬರನ್ನೂ ಬೇಕೆಂದು ಮನ್ನಿಸಿದನು. ಮ್ಯಾಡ್ರಿಡ್ಡಿನವರು ಲೆಕ್ಕದ ಕೈಗೆ ಸಿಕ್ಕಿ ಮನ್ನಿಸಬೇಕಾಯಿತು.

೧೯೭೫ರಲ್ಲಿ ೧೨, ೧೦, ೮ರಿಂದ ೧ರವರೆಗಿನ ಅಂಕಕ್ರಮ ಬಂದಿತು. ೧೯೯೭ರಲ್ಲಿ ಐದು ದೇಶಗಳಲ್ಲಿ ಪ್ರಯೋಗಕ್ಕೆಂದು ಆರಂಭವಾದ ದೂರವಾಣಿ ಮತ ಮರುವರ್ಷವೇ ವ್ಯಾಪಕವಾಯಿತು. ಪ್ರಜೆಗಳ ಮತ ಬಂದೊಡನೆ ನೆರೆಹೊರೆಯವರು ಪರಸ್ಪರ ಮತ ಹಾಕಿಕೊಳ್ಳುವರೆಂಬ ದೂರು ಬಲಿಯಿತು. ಗ್ರೀಸ್ ಮತ್ತು ಸೈಪ್ರಸ್‌ಗಳ ನಡುವಣ ಅಂಕದ ಕೊಡುಕೊಳೆ ಇದಕ್ಕೆ ಪ್ರಸಿದ್ಧ ನಿದರ್ಶನ. ೨೦೦೯ರಲ್ಲಿ ಅಂತಿಮ ಸುತ್ತಿಗೆ ತಜ್ಞರ ಮಂಡಲಿಯನ್ನು ಮರಳಿ ತಂದು ಅರ್ಧ ಅಧಿಕಾರ ಕೊಟ್ಟರು. ತಜ್ಞರೇನು ನಿರ್ದೋಷಿಗಳೇ? ೨೦೨೨ರ ಎರಡನೆಯ ಉಪಾಂತ್ಯದಲ್ಲಿ ಆರು ರಾಷ್ಟ್ರಗಳ ತಜ್ಞರ ಮತಗಳಲ್ಲಿ ಅಸಹಜತೆ ಕಂಡುಬಂದು, ಅವನ್ನು ಬದಿಗಿರಿಸಿ ಲೆಕ್ಕಹಾಕಿದ ಅಂಕಗಳನ್ನು ಬಳಸಬೇಕಾಯಿತು.

ಎರಡು ಮತಗಳನ್ನು ಕೂಡಿಸುವುದರಿಂದ ಆಗುವುದೇನೆಂಬುದನ್ನು ಅಂಕಿಗಳೇ ಹೇಳುತ್ತವೆ. ೨೦೧೬ರಲ್ಲಿ ತಜ್ಞರು ಆಸ್ಟ್ರೇಲಿಯಕ್ಕೆ ೩೨೦ ಅಂಕ ಕೊಟ್ಟು ಮೊದಲಿಟ್ಟರು. ಪ್ರೇಕ್ಷಕರು ರಷ್ಯಕ್ಕೆ ೩೬೧ ಕೊಟ್ಟು ಮೊದಲಿಟ್ಟರು. ಗೆದ್ದದ್ದು ಎರಡೂ ಪಟ್ಟಿಗಳಲ್ಲಿ ಎರಡನೆಯದಾಗಿದ್ದ ಯುಕ್ರೇನ್, ೫೩೪ ಅಂಕಗಳಿಂದ. ೨೦೨೩ರಲ್ಲಿ ಪ್ರೇಕ್ಷಕರು ಫಿನ್ಲೆಂಡಿಗೆ ೩೭೬, ಸ್ವೀಡನ್ನಿಗೆ ೨೪೩ ಕೊಟ್ಟರು; ತಜ್ಞರು ಸ್ವೀಡನ್ನಿಗೆ ೩೪೦, ಫಿನ್ಲೆಂಡಿಗೆ ೧೫೦ ಕೊಟ್ಟರು. ಗೆದ್ದದ್ದು ೫೮೩ ಅಂಕಗಳ ಸ್ವೀಡನ್. ೨೦೨೫ರಲ್ಲಿ ಇಸ್ರೇಲ್ ಪ್ರೇಕ್ಷಕರಿಂದ ೨೯೭ನ್ನೂ ತಜ್ಞರಿಂದ ಕೇವಲ ೬೦ನ್ನೂ ಪಡೆದಾಗ, ಒಬ್ಬನೇ ೨೦ ಸಲ ಮತ ಹಾಕಬಹುದಾದ ನಿಯಮದ ಬಗೆಗೂ ಪ್ರಚಾರದ ಬಗೆಗೂ ಹಲವು ರಾಷ್ಟ್ರಗಳ ಪ್ರಸಾರ ಸಂಸ್ಥೆಗಳು ಪ್ರಶ್ನೆಯೆತ್ತಿದವು. ಆ ವರ್ಷದ ನವೆಂಬರಿನಲ್ಲಿ ಈ ಮಿತಿಯನ್ನು ೧೦ಕ್ಕೆ ಇಳಿಸುವ ನಿರ್ಣಯವಾಯಿತು.

೩

ಈ ಎರಡನ್ನೂ ಒಟ್ಟಿಗಿರಿಸಿದಾಗ ನಮಗೆ ತೋರುವ ಮುಖ್ಯ ಸಂಗತಿ ಇದು. ಯೂರೋವಿಷನ್ನು ಎಪ್ಪತ್ತು ವರ್ಷಗಳ ಕಾಲ 'ಯಾರು ತೀರ್ಪು ಹೇಳಬೇಕು?' ಎಂಬ ಪ್ರಶ್ನೆಗೆ ಉತ್ತರವನ್ನು ಬದಲಿಸುತ್ತ ಬಂದಿದೆ. 'ಯಾವುದರ ಮೇಲೆ ತೀರ್ಪು?' ಎಂಬುದಕ್ಕೆ ಎಲ್ಲರೂ ಒಪ್ಪುವ ಉತ್ತರ ಅಲ್ಲಿ ಮೂಡಲಿಲ್ಲ. ತಜ್ಞನು ಕಂಠವನ್ನೂ ರಚನೆಯನ್ನೂ ನೋಡುತ್ತಾನೆ. ಪ್ರೇಕ್ಷಕನು ಉಲ್ಲಾಸವನ್ನು, ನೆರೆತನವನ್ನು, ಕೆಲವೊಮ್ಮೆ ಅನುಕಂಪವನ್ನು ತೂಗುತ್ತಾನೆ. ೨೦೨೨ರಲ್ಲಿ ಯುದ್ಧದಲ್ಲಿ ಸಿಲುಕಿದ್ದ ಯುಕ್ರೇನಿಗೆ ಪ್ರೇಕ್ಷಕರು ೪೩೯ ಅಂಕಗಳನ್ನು ಕೊಟ್ಟಾಗ ಅವರು ಹಾಡನ್ನಷ್ಟೇ ಅಳೆಯಲಿಲ್ಲವೆಂಬುದು ಸ್ಪಷ್ಟ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಹಾಡು ಕೇಳುವವನು ಮನುಷ್ಯನೇ ಹೊರತು ಶ್ರುತಿಪೆಟ್ಟಿಗೆಯಲ್ಲ. ಆದರೆ ಬೇರೆ ಬೇರೆ ವಸ್ತುಗಳನ್ನು ಅಳೆದ ಎರಡು ಸಂಖ್ಯೆಗಳನ್ನು ಕೂಡಿಸಿದರೆ ಬರುವ ಮೊತ್ತ ಏನನ್ನು ಅಳೆಯುತ್ತದೆ? ಸೇರಿನಲ್ಲಿ ಅಳೆದ ಜೋಳವನ್ನೂ ಮೊಳದಲ್ಲಿ ಅಳೆದ ಬಟ್ಟೆಯನ್ನೂ ಕೂಡಿಸಿದಂತಾಯಿತು. ಲೆಕ್ಕ ಸರಿಯಾಗಿರಬಹುದು, ಅರ್ಥ ದೊರೆಯದು.

೨೦೧೬ರ ಫಲಿತಾಂಶ ಇಬ್ಬರಿಗೂ ಒಪ್ಪಿಗೆಯಾದ ಹಾಡನ್ನು ಗೆಲ್ಲಿಸಿತಲ್ಲವೇ, ಅದೇ ನ್ಯಾಯವಲ್ಲವೇ ಎಂದು ಕೇಳಬಹುದು. ಒಪ್ಪಿಗೆ ಒಂದು ಮೌಲ್ಯವೆಂಬುದು ನಿಜ. ಆದರೆ ಅದೇ ನಿಯಮ ೨೦೨೩ರಲ್ಲಿ ಪ್ರೇಕ್ಷಕರ ಮೊದಲ ಆಯ್ಕೆಯನ್ನು ತಜ್ಞರ ಬಲದಿಂದ ಹಿಂದಿಕ್ಕಿತು. ಒಂದೇ ನಿಯಮ ಒಂದು ವರ್ಷ ಸಂಧಾನಕಾರನಂತೆ, ಮತ್ತೊಂದು ವರ್ಷ ಒಂದು ಪಕ್ಷದ ವಕೀಲನಂತೆ ಕಂಡರೆ, ಸೋತವರಿಗೆ ತೀರ್ಪಿನಲ್ಲಿ ನಂಬಿಕೆ ಹುಟ್ಟುವುದು ಕಷ್ಟ.

ಹರದೇಶಿ-ನಾಗೇಶಿಯ ಬಲ ಇರುವುದು ಇಲ್ಲಿಯೇ. ಅಲ್ಲಿ ಸೋತವನಿಗೆ ತಾನೇಕೆ ಸೋತೆನೆಂಬುದು ಗೊತ್ತು. ಅಷ್ಟೇ ಅಲ್ಲ, ಮುಂದಿನ ಜಾತ್ರೆಗೆ ಆ ಜವಾಬನ್ನು ಕಟ್ಟಿಕೊಂಡು ಬರುವ ದಾರಿ ಅವನಿಗೆ ತೆರೆದಿದೆ. ಸೋಲು ಹೊಸ ಪದಕ್ಕೆ ಬೀಜವಾಗುತ್ತದೆ. ಮತಪೆಟ್ಟಿಗೆಯಲ್ಲಿ ಸೋತವನಿಗೆ ದೊರೆಯುವುದು ಒಂದು ಸಂಖ್ಯೆ ಮಾತ್ರ. ಸಂಖ್ಯೆಯಿಂದ ಪದ ಹುಟ್ಟುವುದಿಲ್ಲ.

ಪಂದ್ಯದ ತೀರ್ಪಿಗಿಂತ ಹಾಡಿನ ಬಾಳು ಉದ್ದವೆಂಬುದನ್ನೂ ಇಲ್ಲಿ ನೆನೆಯಬೇಕು. ೧೯೫೮ರಲ್ಲಿ ಇಟಲಿಯ ದೊಮೆನಿಕೊ ಮೊದುನ್ಯೊ ಮೂರನೆಯವನಾದನು. ಅವನ ಹಾಡು 'ವೊಲಾರೆ' ಎಂಬ ಹೆಸರಿನಿಂದ ಲೋಕವನ್ನೆಲ್ಲ ಸುತ್ತಿತು. ನಮ್ಮಲ್ಲಿ ಸಂಗೊಳ್ಳಿ ರಾಯಣ್ಣನು ೧೮೩೧ರಲ್ಲಿ ಖಾನಾಪುರ ತಾಲೂಕಿನ ನಂದಗಡದಲ್ಲಿ ಗಲ್ಲಿಗೇರಿದ ಮೇಲೆ ಅವನ ಕಥೆ ಲಾವಣಿಯಾಗಿ ಜನರ ಬಾಯಲ್ಲಿ ನಿಂತಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಜೆ. ಎಫ್. ಫ್ಲೀಟರು ಅದನ್ನು ಇತರ ಕನ್ನಡ ಲಾವಣಿಗಳೊಡನೆ ಪ್ರಕಟಿಸಿದರು. ಅದಕ್ಕೆ ಯಾರೂ ಅಂಕ ಕೊಟ್ಟಿರಲಿಲ್ಲ.

೪

ಈಗ ನಮ್ಮ ವೇದಿಕೆಗಳಿಗೆ ಬರೋಣ. ವಿಶ್ವವಿದ್ಯಾನಿಲಯಗಳ ಯುವಜನೋತ್ಸವದಲ್ಲಿ ಸಮೂಹಗಾನಕ್ಕೆ ದೊರೆಯುವುದು ಹತ್ತು ನಿಮಿಷ. ಇರುಳೆಲ್ಲ ಬೆಳೆಯಬೇಕಾದ ಸವಾಲು-ಜವಾಬು ಆ ಅವಧಿಯಲ್ಲಿ ಹಿಡಿಯಲಾರದು. ಆದುದರಿಂದ ಗೀಗೀ ಪದ ವೇದಿಕೆಗೆ ಬಂದಾಗ ತನ್ನ ಎದುರಾಳಿಯನ್ನು ಹೊರಗೆ ಬಿಟ್ಟು ಬರುತ್ತದೆ. ಉಳಿಯುವುದು ಡಪ್ಪಿನ ಗತ್ತು, ಉಡುಗೆಯ ಬಣ್ಣ. ಎದುರಾಳಿಯಿಲ್ಲದ ವಾದವನ್ನು ಅಳೆಯುವ ಅಳತೆಗೋಲು ಪರಂಪರೆಯಲ್ಲಿಲ್ಲ. ತೀರ್ಪುಗಾರನು ತನ್ನ ಅಭಿರುಚಿಯನ್ನೇ ಅಳತೆಗೋಲಾಗಿಸಿಕೊಳ್ಳಬೇಕಾಗುತ್ತದೆ. ಅಲ್ಲಿಂದಲೇ ಗೊಣಗಾಟ ಆರಂಭ.

ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಖಾನಾಪುರ ತಾಲೂಕಿನ ಮೂಡಣ ಅಂಚಿನ ಇಟಗಿ, ಕಕ್ಕೇರಿಗಳ ಕಡೆ ಕನ್ನಡದ ಬಳಕೆ ಹೆಚ್ಚು. ಕಣಕುಂಬಿ, ಜಾಂಬೋಟಿಗಳ ಕಾಡಿನ ಕಡೆ ಮರಾಠಿ, ಕೊಂಕಣಿಗಳ ಬಳಕೆ ಹೆಚ್ಚು. ಬೆಳಗಾವಿ ನಗರದಲ್ಲಿ ಒಂದೇ ಓಣಿಯಲ್ಲಿ ಎರಡು ಭಾಷೆಗಳ ಭಜನೆ ಕೇಳಿಬರುತ್ತದೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಿಂದ ಮೊದಲ್ಗೊಂಡು ಇಲ್ಲಿ ಭಾಷೆ ರಾಜಕಾರಣದ ವಿಷಯವೂ ಹೌದು. ಇಂಥ ನೆಲದಲ್ಲಿ ಚಪ್ಪಾಳೆಯನ್ನು ಎಣಿಸಿ ಬಹುಮಾನ ಕೊಟ್ಟರೆ ಗ್ರೀಸ್-ಸೈಪ್ರಸ್‌ಗಳ ಕಥೆ ನಮ್ಮಲ್ಲಿಯೂ ನಡೆದೀತು. ಒಂದೇ ಭಾಷೆ ಬಲ್ಲ ತೀರ್ಪುಗಾರನನ್ನು ಕೂರಿಸಿದರೆ, ಇನ್ನೊಂದು ಭಾಷೆಯ ಹಾಡಿನ ರಾಗ ಮಾತ್ರ ಅವನಿಗೆ ಮುಟ್ಟೀತು, ಸಾಹಿತ್ಯ ಮುಟ್ಟದು. ಕಲ್ಗಿ-ತುರಾ ಪಂಥಗಳು ಕನ್ನಡ, ಮರಾಠಿಗಳೆರಡರಲ್ಲಿಯೂ ಬಾಳಿಬಂದಿರುವಾಗ, ಸುಳೇಭಾವಿಯಲ್ಲಿ ಹುಟ್ಟಿದ ಕನ್ನಡಿಗ ಕುಮಾರ ಗಂಧರ್ವರನ್ನು ಮರಾಠಿ ರಸಿಕರು ತಮ್ಮವರೆಂದೇ ಒಪ್ಪಿಕೊಂಡಿರುವಾಗ, ಸಂಗೀತದ ಕಣದಲ್ಲಿ ಭಾಷೆಯನ್ನು ಬೇಲಿಯಾಗಿಸುವುದು ನಮ್ಮ ಪರಂಪರೆಗೆ ಒಪ್ಪುವ ಮಾತಲ್ಲ.

ಆದಕಾರಣ ಐದು ಸೂಚನೆಗಳನ್ನು ವಾಚಕರ ಮುಂದಿಡುತ್ತೇವೆ. ಸ್ವರ, ತಾಳ, ಸಾಹಿತ್ಯ, ಉಚ್ಚಾರಗಳಿಗೆ ಎಷ್ಟೆಷ್ಟು ಅಂಕವೆಂಬುದನ್ನು ಸ್ಪರ್ಧೆಗೆ ಮೊದಲೇ ಸಾರಿ, ಮುಗಿದ ಮೇಲೆ ಅಂಕಗಳನ್ನು ಬಹಿರಂಗಪಡಿಸಬೇಕು. ತನ್ನ ಶಿಷ್ಯರಿಗೆ, ತನ್ನ ಕಾಲೇಜಿಗೆ ಯಾವ ತೀರ್ಪುಗಾರನೂ ಅಂಕ ಕೊಡಕೂಡದು. ಎರಡೂ ಭಾಷೆಗಳನ್ನು ಬಲ್ಲವರು ಮಂಡಲಿಯಲ್ಲಿರಬೇಕು. ಸಭಿಕರ ಮೆಚ್ಚುಗೆಗೆ ಬೇರೆ ಬಹುಮಾನವಿರಲಿ. ಅದನ್ನು ತಜ್ಞರ ಅಂಕದೊಡನೆ ಕೂಡಿಸುವುದು ಬೇಡ. ಕೊನೆಯದಾಗಿ, ಗೀಗೀ ಮೇಳಗಳಿಗೆ ಎದುರಾಳಿಯನ್ನು ಮರಳಿ ಕೊಡಬೇಕು. ಎರಡು ಮೇಳಗಳಿಗೆ ಒಟ್ಟಾಗಿ ಒಂದು ಗಂಟೆಯ ಕಾಲವಿತ್ತು, ಸವಾಲಿಗೆ ಜವಾಬು ಬಂದಿತೇ ಎಂಬುದನ್ನೇ ಮುಖ್ಯ ಅಳತೆಗೋಲಾಗಿಸಬೇಕು. ಸವಾಲು ಹಾಕಿದ ಮೇಳವೂ ತನ್ನ ಉತ್ತರವನ್ನು ತೀರ್ಪುಗಾರರಿಗೆ ಮುಂಚಿತವಾಗಿ ತಿಳಿಸಿದ್ದರೆ ಕೂಟಪ್ರಶ್ನೆಯ ದೋಷವೂ ತಗ್ಗುತ್ತದೆ.

ಇವುಗಳಿಂದ ವಿವಾದ ಸಂಪೂರ್ಣವಾಗಿ ಅಡಗುವುದೆಂಬ ಭ್ರಮೆ ನಮಗಿಲ್ಲ. ಹಾಡಿನಲ್ಲಿ ಪ್ರೀತಿಯಿರುವೆಡೆಯಲ್ಲಿ ಜಗಳವೂ ಇರುತ್ತದೆ. ಆ ಜಗಳ ಅಂಕದ ಹಾಳೆಯ ಸುತ್ತ ನಡೆಯದೆ ಹಾಡಿನ ಸುತ್ತ ನಡೆಯುವಂತೆ ಮಾಡುವುದು ಅಧ್ಯಾಪಕರಿಂದಲೂ ವಿದ್ಯಾರ್ಥಿಗಳಿಂದಲೂ ಆಗಬಹುದಾದ ಕೆಲಸ.