ಪಾಠವಿಲ್ಲದ ಪಟ್ಟಾಭಿಷೇಕ

ಮಕ್ಕಳಿಗೆಂದು ತೆಗೆದ ಚಿತ್ರವೊಂದು ಅವರನ್ನು ಕರೆದೊಯ್ದ ಹಿರಿಯರನ್ನೂ ಹಿಡಿದು ಕೂರಿಸುವುದು ಅಪರೂಪ. ಅಮೆರಿಕದ ಡ್ರೀಮ್‌ವರ್ಕ್ಸ್ ಸಂಸ್ಥೆ 2008ರಲ್ಲಿ ತೆರೆಗೆ ತಂದ ‘ಕುಂಗ್ ಫೂ ಪಾಂಡಾ’ ಅಂಥ ಚಿತ್ರ. ಅದರ ಎರಡನೆಯ ಭಾಗ 2011ರಲ್ಲಿ, ಮೂರನೆಯದು 2016ರಲ್ಲಿ ಬಂದವು. ಈ ಮೂರನ್ನೂ ಮಕ್ಕಳ ನೆಪದಲ್ಲಿ ನಾನು ಎಷ್ಟು ಸಲ ನೋಡಿದ್ದೇನೆಂದು ಲೆಕ್ಕವಿಟ್ಟಿಲ್ಲ. ಎಂಟು ವರ್ಷಗಳ ನಂತರ, 2024ರ ಮಾರ್ಚಿನಲ್ಲಿ ನಾಲ್ಕನೆಯದು ಬಂದಾಗ ಹೋದದ್ದು ಹಳೆಯ ಸ್ನೇಹಿತರ ಮನೆಗೆ ಹೋಗುವ ಸಂಭ್ರಮದಿಂದಲೇ. ಬಾಗಿಲು ತೆರೆದವರು ಮಾತ್ರ ಮನೆಯವರಲ್ಲ, ಬಾಡಿಗೆದಾರರು! ಅವರು ಸಜ್ಜನರೇ, ಕುಳ್ಳಿರಿಸಿ ಉಪಚರಿಸಿದರು ಕೂಡ. ಆದರೆ ನಾವು ಹೋದದ್ದು ಅವರನ್ನು ಕಾಣಲೆಂದಲ್ಲವಷ್ಟೆ.

ಮೊದಲ ಚಿತ್ರದ ಕಥೆ ಹಲವರಿಗೆ ಗೊತ್ತು. ಪ್ರಾಚೀನ ಚೀನಾದ ಒಂದು ಕಣಿವೆ. ಅಲ್ಲಿ ಪ್ರಾಣಿಗಳೇ ಪ್ರಜೆಗಳು. ಪಿಂಗ್ ಎಂಬ ಹೆಬ್ಬಾತು ನೂಡಲ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ. ಅವನ ಮಗ ಪೋ ಎಂಬ ಸ್ಥೂಲಕಾಯದ ಪಾಂಡಾ. ಬಾತಿಗೆ ಪಾಂಡಾ ಮಗನಾದದ್ದು ಹೇಗೆಂದು ಮೊದಲ ಚಿತ್ರದಲ್ಲಿ ಯಾರೂ ಕೇಳುವುದಿಲ್ಲ. ಆ ಮೌನವೇ ಒಂದು ಹಾಸ್ಯ. ಊಗ್ವೇ ಎಂಬ ವೃದ್ಧ ಆಮೆ, ಕುಂಗ್ ಫೂ ವಿದ್ಯೆಯ ಪರಮಗುರು, ‘ಡ್ರಾಗನ್ ವೀರ’ನನ್ನು ಆರಿಸುವ ದಿನ ಪೋ ಬಾಣಬಿರುಸು ಕಟ್ಟಿದ ಕುರ್ಚಿಯ ಮೇಲೆ ಹಾರಿಬಂದು ಅವನ ಬೆರಳಿನ ಎದುರೇ ಬೀಳುತ್ತಾನೆ. ಗುರು ಅವನನ್ನೇ ಆರಿಸುತ್ತಾನೆ. ವರ್ಷಾನುಗಟ್ಟಲೆ ಸಾಧನೆ ಮಾಡಿದ ಐವರು ವೀರರು ಬಾಯಿಬಿಟ್ಟು ನೋಡುತ್ತಾರೆ.

ಆಯ್ಕೆಯೇನೋ ಆಯಿತು, ಅರ್ಹತೆ ಎಲ್ಲಿಂದ ಬರಬೇಕು? ಚಿತ್ರದ ಉಳಿದ ಭಾಗವೆಲ್ಲ ಈ ಪ್ರಶ್ನೆಗೆ ಉತ್ತರ. ಶಿಷ್ಯನನ್ನು ಓಡಿಸಲು ಸಕಲ ಪ್ರಯತ್ನ ಮಾಡಿ ಸೋತ ಗುರು ಶೀಫುವಿಗೆ ಒಂದು ದಿನ ಕಾಣುವುದೇನು? ಅಂಗಳದಲ್ಲಿ ಕಾಲೆತ್ತಲಾರದ ಈ ದಡಿಯ ಅಡಿಗೆಮನೆಯಲ್ಲಿ ತಿಂಡಿಗಾಗಿ ಹತ್ತಡಿ ಮೇಲಿನ ಹಲಗೆಯನ್ನೇರಿ ಕುಳಿತಿದ್ದಾನೆ! ಅಲ್ಲಿಂದ ಪಾಠ ಆರಂಭ. ಕೊನೆಗೆ ಒಂದು ಡಂಪ್ಲಿಂಗ್‌ಗಾಗಿ (ನಮ್ಮ ಕಡುಬಿನ ಚೀನೀ ದಾಯಾದಿ ಎನ್ನಿ) ಗುರುಶಿಷ್ಯರು ಊಟದ ಕಡ್ಡಿಗಳನ್ನು ಹಿಡಿದು ಕಾದಾಡುತ್ತಾರೆ. ಶಿಷ್ಯ ಗೆಲ್ಲುತ್ತಾನೆ, ಗೆದ್ದದ್ದನ್ನು ತಿನ್ನದೆ ಗುರುವಿನತ್ತ ಎಸೆದು, ಹಸಿವಿಲ್ಲವೆನ್ನುತ್ತಾನೆ. ಒಂದೆರಡು ನಿಮಿಷದ ಈ ದೃಶ್ಯದಲ್ಲಿ ಗುರುವೂ ಕಲಿತಿದ್ದಾನೆ, ಶಿಷ್ಯನೂ ಕಲಿತಿದ್ದಾನೆ. ಗುರುಭಕ್ತಿಯ ಬಗ್ಗೆ ಭಾಷಣ ಬಿಗಿಯುವ ನಮ್ಮ ಎಷ್ಟೋ ಚಿತ್ರಗಳಲ್ಲಿ ಇಂಥ ಒಂದು ಗಳಿಗೆಯನ್ನು ಹುಡುಕಬೇಕು.

ಇನ್ನು ಪಿಂಗ್. ಮಗ ಅಂಗಡಿಯನ್ನು ವಹಿಸಿಕೊಳ್ಳಲಿ, ತನ್ನ ಸಾರಿನ ಗುಟ್ಟನ್ನು ಅವನಿಗೆ ಒಪ್ಪಿಸಿ ನಿಶ್ಚಿಂತನಾಗುತ್ತೇನೆ ಎಂಬುದೇ ಅವನ ಕನಸು. ಮುಂಬಯಿ, ಪುಣೆಗಳಲ್ಲಿ ಉಡುಪಿ ಹೋಟೆಲುಗಳ ಗಲ್ಲೆಯ ಹಿಂದೆ ಕುಳಿತು ಇದೇ ಕನಸು ಕಂಡ ತಂದೆಯರನ್ನು, ಆ ಕನಸಿಗೆ ಒಳಗೂ ಬರಲಾರದೆ ಹೊರಗೂ ಹೋಗಲಾರದೆ ನಿಂತ ಮಕ್ಕಳನ್ನು ನಮ್ಮ ಓದುಗರು ಬಲ್ಲರು. ಕೊನೆಗೆ ಪಿಂಗ್ ಬಾಯಿಬಿಟ್ಟಾಗ ಗುಟ್ಟೇ ಇಲ್ಲ; ವಿಶೇಷವೆಂದು ನಂಬಿದರೆ ವಿಶೇಷ, ಅಷ್ಟೆ. ಡ್ರಾಗನ್ ಸುರುಳಿಯಲ್ಲೂ ಅಕ್ಷರವಿಲ್ಲ, ನೋಡುವವನ ಮುಖವೇ ಅದರಲ್ಲಿ ಕಾಣುತ್ತದೆ. ಮಹಾಗುರು ಬಿಟ್ಟುಹೋದ ಸುರುಳಿಯ ಅರ್ಥವನ್ನು ಬಿಡಿಸಿದವನು ಅಂಗಡಿಯವನು. ಇಡೀ ಮಾಲಿಕೆ ನಿಂತಿರುವುದು ಈ ಅಡಿಪಾಯದ ಮೇಲೆ.

ಎರಡನೆಯ ಚಿತ್ರ ಇನ್ನೂ ಆಳಕ್ಕಿಳಿಯಿತು. ನಿರ್ದೇಶಕಿ ಜೆನಿಫರ್ ಯೂ ನೆಲ್ಸನ್ ದಕ್ಷಿಣ ಕೊರಿಯಾದಲ್ಲಿ ಹುಟ್ಟಿ ಎಳವೆಯಲ್ಲೇ ಅಮೆರಿಕಕ್ಕೆ ವಲಸೆ ಹೋದವರು. ಪೋ ಮೊದಲ ಬಾರಿಗೆ ತಾನು ಎಲ್ಲಿಯವನೆಂದು ಕೇಳುತ್ತಾನೆ. ಮೂಲಂಗಿಯ ಪೆಟ್ಟಿಗೆಯಲ್ಲಿ ನೀನು ಸಿಕ್ಕಿದೆಯೆಂದು ಪಿಂಗ್ ತಡವರಿಸುತ್ತ ಹೇಳುತ್ತಾನೆ. ಪಾಂಡಾಗಳ ಕುಲವನ್ನೇ ಅಳಿಸಹೊರಟ ಶೆನ್ ಎಂಬ ಬಿಳಿ ನವಿಲು, ತೋಳಗಳನ್ನು ತನ್ನತ್ತ ಸೆಳೆದುಕೊಂಡು ಕೂಸನ್ನು ಉಳಿಸಿದ ತಾಯಿ—ಇವೆಲ್ಲ ತಿಳಿದ ಮೇಲೆ ಮಗ ಊರಿಗೆ ಮರಳಿ, ನಾನು ನಿನ್ನ ಮಗನೇ ಎಂದು ಬಾತನ್ನು ತಬ್ಬಿಕೊಳ್ಳುತ್ತಾನೆ. ಹುಟ್ಟಿದ ನೆಲ ಒಂದು, ಬೆಳೆದ ನೆಲ ಇನ್ನೊಂದು ಆದವರಿಗೆ ಆ ಅಪ್ಪುಗೆಯ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ಸ್ವಲ್ಪ ಸಡಿಲ. ಆದರೂ ಹೆತ್ತ ತಂದೆ ಲಿ ಬಂದು ನಿಂತಾಗ ಸಾಕಿದ ತಂದೆ ಪಡುವ ಹೊಟ್ಟೆಕಿಚ್ಚು, ಅದರ ಅಡಿಯಲ್ಲಿರುವ ಭಯ ಎರಡನ್ನೂ ಅದು ಚೆನ್ನಾಗಿ ಹಿಡಿಯಿತು. ಅದಕ್ಕಿಂತ ಮುಖ್ಯವಾಗಿ, ಆ ಚಿತ್ರದಲ್ಲಿ ಪೋ ಗುರುವಾಗುತ್ತಾನೆ. ಐವರಿಗೆ ಪಾಠ ಹೇಳಲು ಹೋಗಿ ಮೊದಲು ನಗೆಪಾಟಲಾಗುತ್ತಾನೆ. ಕೊನೆಗೆ ಉರುಳುವುದು, ಅಪ್ಪಿಕೊಳ್ಳುವುದು, ಪಟ್ಟಿ ಬೀಸಿ ಕುಣಿಯುವುದು ಬಿಟ್ಟು ಬೇರೇನೂ ಬಾರದ ಪಾಂಡಾಗಳಿಗೆ ಅದನ್ನೇ ವಿದ್ಯೆಯಾಗಿ ಮಾಡಿಕೊಡುತ್ತಾನೆ. ಊಗ್ವೇಯ ದಂಡ ಅವನ ಕೈಗೆ ಬರುವುದು ಆಮೇಲೆ.

ಇಷ್ಟನ್ನೆಲ್ಲ ವಿವರವಾಗಿ ಹೇಳಿದ್ದು ನಾಲ್ಕನೆಯ ಚಿತ್ರದ ವಸ್ತು ಉತ್ತರಾಧಿಕಾರವಾದದ್ದರಿಂದ. ನೀನಿನ್ನು ಕಣಿವೆಯ ಧರ್ಮಗುರುವಾಗಬೇಕು, ಹೊಸ ಡ್ರಾಗನ್ ವೀರನನ್ನು ಆರಿಸು ಎಂದು ಶೀಫು ಅಪ್ಪಣೆ ಮಾಡುತ್ತಾನೆ. ಪೋಗೆ ಮನಸ್ಸಿಲ್ಲ. ಕಳ್ಳತನಕ್ಕೆ ಬಂದು ಸಿಕ್ಕಿಬಿದ್ದ ಝೆನ್ ಎಂಬ ಹೆಣ್ಣು ನರಿಯನ್ನು ದಾರಿ ತೋರಿಸಲು ಕರೆದುಕೊಂಡು ಜುನಿಪರ್ ಎಂಬ ಮಹಾನಗರಕ್ಕೆ ಹೊರಡುತ್ತಾನೆ. ಬೇಕಾದ ರೂಪ ತಾಳಬಲ್ಲ ಗೋಸುಂಬೆಯೊಬ್ಬಳು ಅಲ್ಲಿ ಆಳುತ್ತಿದ್ದಾಳೆ. ಝೆನ್ ಅವಳು ಸಾಕಿದವಳೇ. ವಂಚಿಸುತ್ತಾಳೆ, ಪಶ್ಚಾತ್ತಾಪ ಪಡುತ್ತಾಳೆ. ಕೊನೆಯಲ್ಲಿ ಪಟ್ಟ ಅವಳಿಗೆ.

ಎಂಥ ವಸ್ತು! ಆರಿಸಲ್ಪಟ್ಟವನು ಆರಿಸುವವನಾಗಬೇಕಾದ ಸಂದರ್ಭ. ಆದರೆ ಅಡಿಗೆಮನೆಯ ಹಲಗೆಯೇರಿ ಕುಳಿತ ಶಿಷ್ಯನನ್ನು ಶೀಫು ಕಂಡುಕೊಂಡಂತೆ ಪೋ ಝೆನ್‌ಳನ್ನು ಕಂಡುಕೊಳ್ಳುವ ಗಳಿಗೆ ಎಲ್ಲಿದೆ? ನೆನಪಿನಲ್ಲಿ ಉಳಿಯುವ ಒಂದು ಪಾಠದ ದೃಶ್ಯವಾದರೂ ಇದೆಯೆ? ದಾರಿಯುದ್ದಕ್ಕೂ ಇಬ್ಬರೂ ಚಟಾಕಿ ಹಾರಿಸುತ್ತಾರೆ, ಓಡುತ್ತಾರೆ, ಬೀಳುತ್ತಾರೆ. ಅವಳ ಕಳ್ಳ ಚಾಣಾಕ್ಷತೆ ಪೋನ ಹಸಿವಿನಂತೆ ವಿದ್ಯೆಯಾಗಿ ಮಾರ್ಪಡಬಹುದಿತ್ತು. ಮಾರ್ಪಡುವುದಿಲ್ಲ. ಅವಳು ಒಳ್ಳೆಯವಳಾದಳು, ಆದ್ದರಿಂದ ಅರ್ಹಳಾದಳು ಎಂಬಲ್ಲಿಗೆ ಚಿತ್ರಕಥೆ ಕೈತೊಳೆದುಕೊಳ್ಳುತ್ತದೆ. ಒಳ್ಳೆಯತನವೇ ಸಾಕಾಗಿದ್ದರೆ ಮೊದಲ ಚಿತ್ರ ಅರ್ಧ ಗಂಟೆಯಲ್ಲಿ ಮುಗಿಯಬೇಕಾಗಿತ್ತು.

ಗೋಸುಂಬೆಯ ವಿಷಯದಲ್ಲಂತೂ ಹೊಟ್ಟೆ ಉರಿಯುತ್ತದೆ. ತೀರ ಚಿಕ್ಕ ದೇಹದವಳೆಂದು ಅವಳಿಗೆ ಹಿಂದೆ ಯಾರೂ ವಿದ್ಯೆ ಹೇಳಿಕೊಡಲಿಲ್ಲವಂತೆ. ಇದು ಪೋನ ಕಥೆಯೇ ಅಲ್ಲವೆ? ದಪ್ಪವೆಂದು ನಗೆಗೀಡಾದವನಿಗೆ ಒಬ್ಬ ಊಗ್ವೇ ಸಿಕ್ಕ, ಒಬ್ಬ ಶೀಫು ಸಿಕ್ಕ. ಸಣ್ಣವಳೆಂದು ತಿರಸ್ಕೃತಳಾದವಳಿಗೆ ಯಾರೂ ಸಿಗಲಿಲ್ಲ. ಈ ಇಬ್ಬರನ್ನು ಎದುರುಬದುರು ಕೂರಿಸಿ ಐದು ನಿಮಿಷ ಮಾತಾಡಿಸಿದ್ದರೂ ಚಿತ್ರ ಬೇರೆಯೇ ಆಗುತ್ತಿತ್ತು. ಬಂದುಹೋಗುವ ಮಾತಿನಲ್ಲಿ ಅದನ್ನು ಹೇಳಿಸಿ ಮುಗಿಸಿದ್ದಾರೆ. ಆ ಪಾತ್ರಕ್ಕೆ ಧ್ವನಿ ಕೊಟ್ಟ ವಯೋಲಾ ಡೇವಿಸ್ ಎಂಥ ನಟಿಯೆಂದು ಬಲ್ಲವರಿಗೆ ಇದು ಎರಡು ಪಟ್ಟು ನಷ್ಟ.

ಆ ಐವರು ವೀರರು ಎಲ್ಲಿ? ಹೆಣ್ಣು ಹುಲಿ, ಕೋತಿ, ಕೊಕ್ಕರೆ, ಹಾವು, ಸೂರ್ಯನ ಕುದುರೆ ಹುಳು—ಎಲ್ಲರೂ ಬೇರೆ ಬೇರೆ ಕೆಲಸದ ಮೇಲೆ ಹೋಗಿದ್ದಾರೆಂದು ಆರಂಭದಲ್ಲೇ ಹೇಳಿಬಿಡುತ್ತಾರೆ. ಅಂತ್ಯದ ಹೆಸರುಪಟ್ಟಿಯ ಹೊತ್ತಿಗೆ ಬಂದು ಮುಖ ತೋರಿಸುತ್ತಾರೆ. ಹೆಣ್ಣು ಹುಲಿ ಬರಿಯ ಜೊತೆಗಾತಿಯಲ್ಲ. ಪೋ ಆರಿಸಲ್ಪಟ್ಟಾಗ ಪಟ್ಟ ತಪ್ಪಿದ್ದು ಅವಳಿಗೆ. ಹೊಸ ಉತ್ತರಾಧಿಕಾರಿಯ ಪ್ರಶ್ನೆ ಎದ್ದಾಗ ಅವಳ ಹೆಸರು ಗಂಭೀರವಾಗಿ ಚರ್ಚೆಗೆ ಬಾರದಿರುವುದು ಕಥೆಯ ಔಚಿತ್ಯಕ್ಕೇ ಭಂಗ. ತಾಳಮದ್ದಲೆಯಲ್ಲಿ ಎದುರಾಳಿ ಅರ್ಥಧಾರಿ ಬಾರದ ದಿನ ಒಬ್ಬರೇ ಬೆಳಗಿನ ತನಕ ಅರ್ಥ ಹೇಳಿದ ಹಾಗಾಯಿತು.

ಐವರಿಲ್ಲದ ಕೊರತೆಯನ್ನು ಹಳೆಯ ಖಳರಿಂದ ತುಂಬಿಸಲು ನೋಡಿದ್ದಾರೆ. ಗೋಸುಂಬೆ ಪರಲೋಕದಿಂದ ಹಿಂದಿನ ಮೂವರು ಖಳರನ್ನೂ ಕರೆತರುತ್ತಾಳೆ. ಶೆನ್ ಮತ್ತು ಕಾಯ್ ಇಬ್ಬರದೂ ಮೂಕಪಾತ್ರ. ಹಿಮಚಿರತೆ ತಾಯ್ ಲುಂಗ್ ಒಬ್ಬನಿಗೆ ಮಾತುಂಟು. ಕೊನೆಯಲ್ಲಿ ಅವನು ಪೋಗೆ ತಲೆಬಾಗಿ ಹೋಗುತ್ತಾನೆ. ಆದರೆ ಅವನನ್ನು ಕೂಸಿನಿಂದ ಸಾಕಿ ಬೆಳೆಸಿದವನು, ಅವನ ಪತನಕ್ಕಾಗಿ ಒಳಗೇ ಬೆಂದವನು ಶೀಫು. ಸತ್ತ ಮಗ ಎದ್ದುಬಂದಿದ್ದಾನೆ. ಸಾಕಿದ ತಂದೆಗೆ ಅವನನ್ನು ಒಮ್ಮೆ ಕಾಣುವ ಯೋಗವೂ ಇಲ್ಲ! ಪ್ರೇಕ್ಷಕ ಚಪ್ಪಾಳೆ ತಟ್ಟಲೆಂದು ಪಾತ್ರಗಳನ್ನು ಕರೆಸಿದರೆ, ಕಣ್ಣೀರಿಗೆ ಕಾದು ಕುಳಿತವನು ಏನು ಮಾಡಬೇಕು?

ಹಣಕಾಸಿನ ಮಾತನ್ನೂ ಆಡಬೇಕು. ಎರಡನೆಯ ಮತ್ತು ಮೂರನೆಯ ಚಿತ್ರಗಳಿಗೆ ತಲಾ 14-15 ಕೋಟಿ ಡಾಲರ್ ಖರ್ಚಾಗಿತ್ತು. ನಾಲ್ಕನೆಯದು ಸುಮಾರು 8.5 ಕೋಟಿಯಲ್ಲಿ ತಯಾರಾಯಿತು. ಗಳಿಸಿದ್ದು ಜಗತ್ತಿನಾದ್ಯಂತ 50 ಕೋಟಿಗೂ ಮೀರಿ. ವ್ಯಾಪಾರದ ಲೆಕ್ಕದಲ್ಲಿ ಇದು ಸೋಲಲ್ಲ, ದೊಡ್ಡ ಗೆಲುವು. ಕಡಿಮೆ ಖರ್ಚು ಅಪರಾಧವೂ ಅಲ್ಲ: ನಗರದ ಮಾಡುಗಳ ಮೇಲಿನ ಓಟ, ದೀಪಗಳ ಸಾಲು, ಹೊಡೆದಾಟದ ಚುರುಕು ಕಣ್ಣಿಗೆ ಹಬ್ಬವೇ. ಡಂಪ್ಲಿಂಗಿಗಾಗಿ ಕಾದಾಡುವ ದೃಶ್ಯಕ್ಕೆ ಬೇಕಾದದ್ದು ಒಂದು ಬೋಗುಣಿ, ಎರಡು ಜೊತೆ ಕಡ್ಡಿ, ಅದನ್ನು ಬರೆಯಬಲ್ಲ ಲೇಖಕ. ಅದಕ್ಕೆ ಕೋಟಿಗಳ ಅಡಚಣೆಯಿತ್ತೆಂದು ಯಾರೂ ಹೇಳಲಾರರು.

ಮೆಚ್ಚಿದ್ದನ್ನು ಹೇಳದೆ ಹೋದರೆ ಅನ್ಯಾಯವಾದೀತು. ಮಗನ ಚಿಂತೆಯಿಂದ ಇಬ್ಬರು ತಂದೆಯರೂ ಜೊತೆಯಾಗಿ ಅವನನ್ನು ಹುಡುಕಿಕೊಂಡು ಹೊರಡುತ್ತಾರೆ. ಒಬ್ಬ ಬೆಟ್ಟದಂಥ ಪಾಂಡಾ, ಒಬ್ಬ ಮೊಣಕಾಲೆತ್ತರದ ಬಾತು; ಧೈರ್ಯವೆಲ್ಲ ಬಾತಿನದು. ಹಿಂದಿನ ಚಿತ್ರದಲ್ಲಿ ಒಬ್ಬರನ್ನೊಬ್ಬರು ಸಹಿಸದಿದ್ದವರು ಈಗ ಬೀಗರ ಹಾಗೆ ಜಗಳವಾಡುತ್ತ ಅಣ್ಣತಮ್ಮಂದಿರ ಹಾಗೆ ನಡೆಯುತ್ತಾರೆ. ಹಳೆಯ ಚಿತ್ರಗಳ ಉಸಿರು ಇನ್ನೂ ಆಡುತ್ತಿರುವುದು ಇವರಲ್ಲಿ. 1929ರಲ್ಲಿ ಹುಟ್ಟಿದ ಜೇಮ್ಸ್ ಹಾಂಗ್ ನಾಲ್ಕೂ ಚಿತ್ರಗಳಲ್ಲಿ ಪಿಂಗ್‌ಗೆ ಧ್ವನಿಯಾಗಿದ್ದಾರೆ. ತೊಂಬತ್ತೈದರ ಅಂಚಿನಲ್ಲೂ ಆ ದನಿಯಲ್ಲಿ ತಂದೆಯ ಗಾಬರಿ, ಅಂಗಡಿಕಾರನ ಗತ್ತು ಎರಡೂ ಮಾಸಿಲ್ಲ.

ರಜೆಯಲ್ಲಿ ಮಕ್ಕಳಿಗೆ ತೋರಿಸಬೇಕೆಂದಿರುವವರು ಮೊದಲ ಮೂರನ್ನು ಕ್ರಮವಾಗಿ ತೋರಿಸಲಿ, ತಾವೂ ಜೊತೆಗೆ ಕುಳಿತುಕೊಳ್ಳಲಿ. ನಾಲ್ಕನೆಯದನ್ನು ಮಕ್ಕಳು ತಾವಾಗಿ ಕೇಳಿದರೆ ಬೇಡವೆನ್ನುವುದು ಬೇಡ. ಆ ಹೊತ್ತಿಗೆ ಹಿರಿಯರು ಒಳಗೆ ರಾತ್ರಿಯ ಅಡಿಗೆ ನೋಡಿಕೊಳ್ಳಬಹುದು, ಇಬ್ಬರು ತಂದೆಯರ ದನಿ ಕೇಳಿದಾಗ ಮಾತ್ರ ಬಾಗಿಲಿಗೆ ಬಂದು ನಿಂತರಾಯಿತು.