ಮುಲ್ಲಪೆರಿಯಾರ್: ಅಡಿಗಳ ಲೆಕ್ಕ, ಎಚ್ಚರಿಕೆಯ ಬಾಕಿ

ತಮಿಳುನಾಡಿನ ಹನುಮಂತನಪಟ್ಟಿ ಇರುವುದು ಘಟ್ಟದ ಮಳೆನೆರಳಿನಲ್ಲಿ. ಆದರೂ ಅದಿರುವ ಕಂಬಂ ಕಣಿವೆಯಲ್ಲಿ ಎರಡು ಬೆಳೆ ಭತ್ತ ಬರುತ್ತದೆ. ನೀರು ಬರುವುದು ಕೇರಳದಲ್ಲಿರುವ ಮುಲ್ಲಪೆರಿಯಾರ್ ಅಣೆಕಟ್ಟಿನ ತೇಕ್ಕಡಿ ಜಲಾಶಯದಿಂದ: ಬೆಟ್ಟ ಸೀಳಿದ ಸುಮಾರು 1.7 ಕಿ.ಮೀ. ಸುರಂಗ, ಆಮೇಲೆ ಲೋವರ್ ಕ್ಯಾಂಪಿನ ವಿದ್ಯುತ್ ಕೇಂದ್ರಕ್ಕೆ ಧುಮುಕುವ ನಾಲ್ಕು ಪೈಪುಗಳು. ಅರಬ್ಬಿ ಸಮುದ್ರದ ಪಾಲಾಗಬೇಕಿದ್ದ ಪೆರಿಯಾರ್ ನೀರು 1895ರಿಂದ ಹೀಗೆ ಪೂರ್ವಕ್ಕೆ ಹರಿಯುತ್ತಿದೆ. ಕನ್ನಡ ಮನೆಮಾತಿನ ಕಾಪ್ಪಿಲಿಯರೂ ಬಾಳುವ ಈ ಕಣಿವೆಯಲ್ಲಿ ಅಣೆಕಟ್ಟು ಕಟ್ಟಿದ ಪೆನ್ನಿಕ್ವಿಕ್ ಹುಟ್ಟಿದ ಜನವರಿ 15ಕ್ಕೆ ರೈತರು ಪೊಂಗಲ್ ಇಡುತ್ತಾರೆ. ಆ ಕೃತಜ್ಞತೆಗೆ ಕಾರಣವಿದೆ.

ಕಟ್ಟಡವಾಗಿ ಈ ಅಣೆಕಟ್ಟು ದೊಡ್ಡ ಸಾಧನೆಯೇ. ಸುಣ್ಣ, ಸುರ್ಕಿ (ಇಟ್ಟಿಗೆಪುಡಿ), ಕಲ್ಲಿನ 176 ಅಡಿ ಎತ್ತರದ ಗೋಡೆ ಶತಮಾನ ದಾಟಿಯೂ ನಿಂತಿದೆ. ಸುಣ್ಣ ಕರಗಿ ಸೋರುವ ಚಿಂತೆ ಮಾತ್ರ ಹಳೆಯದು. 1930ರ ದಶಕದಲ್ಲೇ ಒಳಗೆ ಸಿಮೆಂಟು ತುಂಬುವ ಗ್ರೌಟಿಂಗ್ ಮಾಡಬೇಕಾಯಿತು. ಗುಜರಾತಿನ ಮೋರ್ವಿ ಅಣೆಕಟ್ಟು ಒಡೆದ 1979ರಲ್ಲಿ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಿ, ಆಮೇಲೆ ಉಕ್ಕಿನ ಕೇಬಲ್ಲುಗಳಿಂದ ಗೋಡೆಯನ್ನು ತಳಬಂಡೆಗೆ ಬಿಗಿದು, ಹಿಂಬದಿಗೆ ಕಾಂಕ್ರೀಟಿನ ಆಸರೆ ಕೊಟ್ಟರು. ಸುಪ್ರೀಂ ಕೋರ್ಟ್ 2006ರಲ್ಲಿ 142 ಅಡಿಗೆ ಒಪ್ಪಿತು, 2014ರಲ್ಲಿ ಅದನ್ನೇ ಎತ್ತಿಹಿಡಿಯಿತು.

ಅಲ್ಲಿಂದ ವಾದವೆಲ್ಲ ಅಡಿಗಳದ್ದು. 136 ಎಂದರೆ ಕೇರಳಕ್ಕೆ ನಿರಾಳ, 142 ಎಂದರೆ ತಮಿಳುನಾಡಿಗೆ ಗೆಲುವು. ನನ್ನ ತಕರಾರು ಇಲ್ಲೇ. 1886ರ 999 ವರ್ಷಗಳ ಗುತ್ತಿಗೆಯಲ್ಲಿ ನೆಲ ತಿರುವಾಂಕೂರಿನದು, ನೀರು ಮದರಾಸಿನದು. ಇವತ್ತಿಗೂ ಗೇಟು ತಿರುಗಿಸುವ ಕೈ ತಮಿಳುನಾಡಿನದು. ಗೋಡೆ ಸೋತರೆ ಮುಳುಗುವುದು ಕೇರಳದ ವಂಡಿಪೆರಿಯಾರ್. 2021ರ ಡಿಸೆಂಬರ್‌ನಲ್ಲಿ ರಾತ್ರೋರಾತ್ರಿ ಶಟರ್ ಎತ್ತಿದಾಗ ನದಿದಂಡೆಯ ಮನೆಗಳಿಗೆ ನೀರು ನುಗ್ಗಿತು. ಸಾಕಷ್ಟು ಮುನ್ಸೂಚನೆ ಕೊಡಲಿಲ್ಲವೆಂದು ಕೇರಳ ಸುಪ್ರೀಂ ಕೋರ್ಟಿಗೆ ಹೋಯಿತು. ಗೋಡೆಗೆ ಏನೂ ಆಗಿರಲಿಲ್ಲ, ಅನ್ನುವುದು ದಂಡೆಯವರಿಗೆ ಎಂಥ ಸಮಾಧಾನ?

ಗಡಿ ದಾಟುವ ತೈಲದ ಕೊಳವೆಗಳಲ್ಲೂ ಇದೇ ಕಥೆ. 2010ರ ಜುಲೈಯಲ್ಲಿ ಎನ್‌ಬ್ರಿಜ್ ಕಂಪನಿಯ ಕೊಳವೆ ಅಮೆರಿಕದ ಮಿಶಿಗನ್‌ನಲ್ಲಿ ಒಡೆಯಿತು. ಕೆನಡಾದ ಎಡ್ಮಂಟನ್‌ನ ನಿಯಂತ್ರಣ ಕೊಠಡಿಯಲ್ಲಿ ಎಚ್ಚರಿಕೆ ಗಂಟೆಗಳು ಬಡಿದವು. ಒಡೆದಿದೆ ಎಂದು ಒಪ್ಪುವ ಹೊತ್ತಿಗೆ 17 ಗಂಟೆ ಕಳೆದು, ಕಚ್ಚಾತೈಲ ಕಲಮಜೂ ನದಿ ಸೇರಿತ್ತು. ಅಲ್ಲೂ ಪರದೆ ನೋಡುವವರು ಒಂದು ದೇಶದಲ್ಲಿ, ನದಿಯ ಮಗ್ಗುಲಲ್ಲಿ ಮಲಗುವವರು ಇನ್ನೊಂದರಲ್ಲಿ.

2014ರ ತೀರ್ಪು ಮೇಲ್ವಿಚಾರಣಾ ಸಮಿತಿಯೊಂದನ್ನು ಕೊಟ್ಟಿತು, ಸರಿ. ಅಧಿಕಾರಿಗಳಿಂದ ಅಧಿಕಾರಿಗಳಿಗೆ ಹೋಗುವ ಕಾಗದ ದಂಡೆಯವರನ್ನು ಎಬ್ಬಿಸುವುದಿಲ್ಲ. ಸೋರಿಕೆಯ ಅಳತೆ, ಒಳಹರಿವು, ಶಟರ್ ಎತ್ತುವ ಗಳಿಗೆ ಇವು ವಂಡಿಪೆರಿಯಾರ್‌ನ ಎಸ್ಟೇಟ್ ಕಾರ್ಮಿಕರ ಸಾಲುಮನೆಗಳಿಗೆ ಮಲಯಾಳದಲ್ಲೂ ತಮಿಳಿನಲ್ಲೂ ಆ ಕ್ಷಣವೇ ತಲುಪಬೇಕು. ಅಲ್ಲಿಯವರೆಗೆ 142 ಅಡಿ ಸುರಕ್ಷಿತವೇ ಎಂಬ ಪ್ರಶ್ನೆಗೆ ಎಂಜಿನಿಯರುಗಳು ಕೊಡುವ ಉತ್ತರ ಅರ್ಧದ್ದೇ.