ಹಗ್ಗ ಬಿಡುವುದನ್ನು ಕಲಿಸುವವರು

ಇಂಗ್ಲೆಂಡಿನ ಚರ್ಚ್ ಗೋಪುರದಲ್ಲಿ ಗಂಟೆ ಬಾರಿಸಲು ಬಂದ ಹೊಸಬರಿಗೆ ಹಗ್ಗ ಎಳೆಯುವುದು ಕಷ್ಟವಲ್ಲ, ಹೊತ್ತಿಗೆ ಸರಿಯಾಗಿ ಬಿಡುವುದು ಕಷ್ಟ. ಅಲ್ಲಿನ ಗಂಟೆಯನ್ನು ದೊಡ್ಡ ಚಕ್ರಕ್ಕೆ ಬಿಗಿದಿರುತ್ತಾರೆ. ಬಾಯಿ ಮೇಲಾಗಿ ನಿಂತ ಗಂಟೆ ಒಂದು ಎಳೆತಕ್ಕೆ ಪೂರ್ತಿ ಸುತ್ತು ತಿರುಗಿ ಮತ್ತೆ ಬಾಯಿ ಮೇಲಾಗುತ್ತದೆ, ಮುಂದಿನ ಎಳೆತಕ್ಕೆ ಬಂದ ದಾರಿಯಲ್ಲೇ ಮರಳುತ್ತದೆ. ಮೊದಲನೆಯದು ಹ್ಯಾಂಡ್‌ಸ್ಟ್ರೋಕ್: ಹಗ್ಗದ ನಡುವೆ ಉಣ್ಣೆ ಸೇರಿಸಿ ದಪ್ಪ ಮಾಡಿದ ‘ಸ್ಯಾಲಿ’ಯನ್ನು ಹಿಡಿದೆಳೆದು ತಕ್ಷಣ ಬಿಡಬೇಕು. ಎರಡನೆಯದು ಬ್ಯಾಕ್‌ಸ್ಟ್ರೋಕ್, ಹಗ್ಗದ ತುದಿಯಿಂದ. ಸ್ಯಾಲಿಯನ್ನು ಬಿಡದೆ ಹಿಡಿದರೆ ನೂರಾರು ಕಿಲೋ ತೂಕದ ಲೋಹ ಮನುಷ್ಯನನ್ನೇ ನೆಲದಿಂದ ಎತ್ತುತ್ತದೆ. ಅತಿಯಾಗಿ ಎಳೆದರೆ, ಗಂಟೆಯನ್ನು ತಡೆದು ನಿಲ್ಲಿಸುವ ‘ಸ್ಟೇ’ ಎಂಬ ಮರದ ತುಂಡು ಮುರಿಯುತ್ತದೆ.

ಇಷ್ಟು ಅಪಾಯವಿರುವ ಕೆಲಸವನ್ನು ಕಲಿಸಲು ಚೆನ್ನಾಗಿ ಬಾರಿಸಬಲ್ಲವರಾದರೆ ಸಾಕು ಎಂಬ ನಂಬಿಕೆ ಬಹುಕಾಲ ನಡೆದುಬಂತು. ಗಂಟೆ ಬಾರಿಸುವವರ ಸೆಂಟ್ರಲ್ ಕೌನ್ಸಿಲ್ 1891ರಲ್ಲೇ ಸ್ಥಾಪನೆಯಾಯಿತು. ಆದರೆ ಕಲಿಸುವವರಿಗೇ ಕ್ರಮಬದ್ಧವಾಗಿ ಕಲಿಸುವ ‘ಅಸೋಸಿಯೇಷನ್ ಆಫ್ ರಿಂಗಿಂಗ್ ಟೀಚರ್ಸ್’ ಬಂದದ್ದು ಈ ಶತಮಾನದಲ್ಲಿ. ಈ ಸಂಘ ಮಾಡಿದ ದೊಡ್ಡ ಕೆಲಸ ಒಂದೇ: ಶಿಷ್ಯನ ಕೈಯಷ್ಟೇ ಗಮನವಿಟ್ಟು ಗುರುವಿನ ಕೈಯನ್ನೂ ನೋಡಿದ್ದು. ಗುರು ಎದುರಿಗೆ ನಿಲ್ಲುತ್ತಾನೆ. ಒಂದು ಎಳೆತ ತಾನು ಎಳೆಯುತ್ತಾನೆ, ಇನ್ನೊಂದನ್ನು ಕಲಿಯುವವನಿಗೆ ಬಿಡುತ್ತಾನೆ. ಆಮೇಲೆ ಅದಲುಬದಲು, ಕೊನೆಗೆ ಎರಡೂ ಅವನಿಗೇ. ಅಷ್ಟು ಹೊತ್ತೂ ಗುರುವಿನ ಕೈ ಹಗ್ಗದ ಪಕ್ಕದಲ್ಲೇ ಸಿದ್ಧವಾಗಿರುತ್ತದೆ. ಅದನ್ನು ಬೇಗ ತೆಗೆದರೆ ಅಪಘಾತ. ತೆಗೆಯದೇ ಇದ್ದರೆ ಗಂಟೆಯ ಭಾರ ಹಗ್ಗದ ಮೂಲಕ ಏನು ಹೇಳುತ್ತಿದೆ ಎಂಬುದು ಕಲಿಯುವವನ ಅಂಗೈಗೆ ಎಂದೂ ತಿಳಿಯುವುದಿಲ್ಲ. ಈ ವಿವೇಚನೆಯನ್ನು ಅನುಭವಕ್ಕೆ ಬಿಟ್ಟುಕೊಡದೆ ಪಾಠವಾಗಿಸಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೊದಲ ಮಹಾಯುದ್ಧದಲ್ಲಿ ಮಡಿದ ಸುಮಾರು 1400 ಗಂಟೆಗಾರರ ನೆನಪಿಗೆ ಅಷ್ಟೇ ಹೊಸಬರು ಬೇಕೆಂದು 2018ರಲ್ಲಿ ಕರೆ ಕೊಟ್ಟಾಗ, ಬಂದವರಿಗೆ ಸುರಕ್ಷಿತವಾಗಿ ಕಲಿಸಲು ತಯಾರಾದ ಗುರುಗಳು ಎಷ್ಟು ಬೇಕಿತ್ತು ಎಂಬುದನ್ನು ಊಹಿಸಿಕೊಳ್ಳಬಹುದು.

ನನ್ನ ತಕರಾರು ಇರುವುದು ಮುಂದಿನ ಮಜಲಿನಲ್ಲಿ. ಎಲ್ಲ ಗಂಟೆಗಳೂ ಒಂದೊಂದು ಸಲ ನುಡಿದರೆ ಒಂದು ಸಾಲು; ಅವು ಯಾವ ಕ್ರಮದಲ್ಲಿ ನುಡಿಯಬೇಕು ಎಂಬುದು ಇಲ್ಲಿ ಸಾಲಿಂದ ಸಾಲಿಗೆ ಬದಲಾಗುತ್ತ ಹೋಗುತ್ತದೆ. 7 ಗಂಟೆಗಳಿದ್ದರೆ 5040 ಬಗೆ. ಹೀಗಾಗಿ ಕಲಿಯುವವನ ಗಮನ ಅಂಕಿಗಳ ಕಡೆಗೆ, ಯಾರ ಹಗ್ಗದ ಹಿಂದೆ ತಾನು ಎಳೆಯಬೇಕೆಂಬ ನೋಟದ ಕಡೆಗೆ ಹರಿಯುತ್ತದೆ. ಆದರೆ ಗೋಪುರದ ಹೊರಗಿನ ಊರಿಗೆ ಹಗ್ಗ ಕಾಣುವುದಿಲ್ಲ, ನಾದ ಮಾತ್ರ ಕೇಳುತ್ತದೆ. 8 ಗಂಟೆಗಳಲ್ಲಿ 5000 ಸಾಲು ಬಾರಿಸಲು ಸುಮಾರು 3 ತಾಸು ಹಿಡಿಯುತ್ತದೆ; ಅಂದರೆ ಎರಡು ನಾದಗಳ ನಡುವಿನ ಅಂತರ ಕಾಲು ಸೆಕೆಂಡಿನಷ್ಟು. ಎಳೆದ ಕ್ಷಣಕ್ಕೂ ನಾದಕ್ಕೂ ನಡುವೆ ತಡವಿದೆ, ಗಂಟೆ ಭಾರವಾದಷ್ಟೂ ಅದು ಹೆಚ್ಚು. ಇದನ್ನು ಕಣ್ಣು ಸರಿಮಾಡಲಾರದು, ಕಿವಿಯೇ ಮಾಡಬೇಕು.

ಸಂಘದ ‘ಲರ್ನಿಂಗ್ ದ ರೋಪ್ಸ್’ ಯೋಜನೆಯಲ್ಲಿ 5 ಮೆಟ್ಟಿಲುಗಳಿವೆ. ಎರಡನೆಯ ಮೆಟ್ಟಿಲಿನಲ್ಲಿ ಸ್ಥಾನ ಬದಲಿಸುವ ಸಣ್ಣ ಅಭ್ಯಾಸಗಳಿದ್ದು, ಕಿವಿ ಹದಗೊಳ್ಳಲು ಅದೇ ತಕ್ಕ ಜಾಗ. ಆದರೆ ಮುಂದಿನ ಮೆಟ್ಟಿಲಿನ ಪ್ರಮಾಣಪತ್ರ ಎದುರಿಗಿದ್ದಾಗ ಅಲ್ಲಿ ನಿಲ್ಲುವ ತಾಳ್ಮೆ ಯಾರಿಗಿರುತ್ತದೆ? ಹೊಸ ವಿನ್ಯಾಸವನ್ನು ತಪ್ಪಿಲ್ಲದೆ ಮುಗಿಸಿದವನು ಅದನ್ನು ಒರಟಾಗಿ ಮುಗಿಸಿದ್ದರೂ ಮೇಲೇರಿದಂತೆ ಭಾವಿಸುತ್ತಾನೆ. ಕಲಿಸುವವರೂ ಹಾಗೆ ಭಾವಿಸಿದರೆ ಆ ಗೋಪುರದ ನಾದ ಒಂದು ತಲೆಮಾರಿನವರೆಗೆ ಒಡಕಾಗಿಯೇ ಉಳಿಯುತ್ತದೆ.

ನೆರೆಹೊರೆಗೆ ತೊಂದರೆಯಾಗದಂತೆ ಗಂಟೆಯ ನಾಲಿಗೆಯನ್ನು ಕಟ್ಟಿ, ಸೆನ್ಸರ್ ಜೋಡಿಸಿ, ಕಂಪ್ಯೂಟರಿನಿಂದ ನಾದ ಬರಿಸುವ ವ್ಯವಸ್ಥೆ ಈಗ ಅನೇಕ ಕಡೆ ಇದೆ. ಒಂದೇ ತಪ್ಪನ್ನು ನಾಚಿಕೆಯಿಲ್ಲದೆ ಹತ್ತಾರು ಸಲ ತಿದ್ದಿಕೊಳ್ಳಲು ಇದಕ್ಕಿಂತ ಒಳ್ಳೆಯ ಅನುಕೂಲ ಇಲ್ಲ. ಆದರೆ ಪ್ರತಿ ಎಳೆತ ಎಷ್ಟು ಬೇಗ, ಎಷ್ಟು ತಡ ಎಂದು ಪರದೆಯ ಮೇಲೂ ತೋರಿಸಿದರೆ ಕಲಿಯುವವನು ಮತ್ತೆ ಕಣ್ಣಿಗೇ ಶರಣಾಗುತ್ತಾನೆ. ಮೊದಲ ತಿಂಗಳುಗಳಲ್ಲಿ ಗುರು ಆ ಪರದೆಯನ್ನು ಮುಚ್ಚಿಡಬೇಕು; ತಡವಾಯಿತೆಂದು ಕಲಿಯುವವನೇ ಕೇಳಿ ಹೇಳುವವರೆಗೆ ತಾನೂ ಬಾಯಿ ಬಿಡಬಾರದು.